ಮಡಿಲು ತುಂಬದ ತಾಯಿ: ಹೆಳವನಕಟ್ಟೆ ಗಿರಿಯಮ್ಮನವರು

ಶ್ರಾವಣ ಮಾಸವು ಸಮೀಪಿಸಿತೆಂದರೆ ನಮ್ಮ ಸಮಾಜದ ಮನೆಗಳಲ್ಲಿ ಹಳೆಯ ಹಾಡಿನ ಪುಸ್ತಕಗಳು ಪೆಟ್ಟಿಗೆಯಿಂದ ಹೊರಬರುತ್ತವೆ. ಮಂಗಳವಾರ ಗೌರಿ, ಶುಕ್ರವಾರ ಮಹಾಲಕ್ಷ್ಮಿ, ಶನಿವಾರ ಶ್ರೀನಿವಾಸ. ಹೀಗೆ ವ್ರತದಿಂದ ವ್ರತಕ್ಕೆ ಹಾಡು ಸಾಗುತ್ತದೆ. ರಟ್ಟು ಹರಿದು, ಎಣ್ಣೆಯ ಕಲೆ ಹತ್ತಿ, ಯಾವ ಅಜ್ಜಿಯ ಕೈಬರಹವೆಂದು ಮನೆಯವರಿಗೂ ಮರೆತುಹೋಗಿರುವ ಈ ಪುಸ್ತಕಗಳಲ್ಲಿ ಪುರಂದರದಾಸರ, ವಿಜಯದಾಸರ ಪದಗಳ ನಡುವೆ ಎರಡು ಅಂಕಿತಗಳು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಒಂದು ಭೀಮೇಶಕೃಷ್ಣ, ಅದು ಹರಪನಹಳ್ಳಿಯ ಭೀಮವ್ವನವರದು (1823–1903). ಇನ್ನೊಂದು ಹೆಳವನಕಟ್ಟೆಯ ರಂಗ, ಅದು ಗಿರಿಯಮ್ಮನವರದು.

ದಾಸವರೇಣ್ಯರ ಆರಾಧನೆಗಳನ್ನು ನಾವು ವೈಭವದಿಂದ ಆಚರಿಸುತ್ತೇವೆ. ಅವರ ಚರಿತ್ರೆಯನ್ನು ಕುರಿತು ಮೂರು ದಿನ, ಐದು ದಿನ ಪ್ರವಚನಗಳನ್ನೇರ್ಪಡಿಸುತ್ತೇವೆ. ಆದರೆ ಈ ಮಹಾತಾಯಂದಿರ ಹಾಡುಗಳನ್ನು ಹಾಡಿಸಿ ಮಂಗಳಾರತಿ ಮಾಡಿ ಎದ್ದುಬಿಡುತ್ತೇವೆಯೇ ಹೊರತು ಅವರ ಬದುಕನ್ನು ಕುರಿತು ವೇದಿಕೆಯ ಮೇಲೆ ಒಂದು ಗಂಟೆಯಾದರೂ ಮಾತನಾಡುವುದು ವಿರಳ. ಈ ಲೋಪದಲ್ಲಿ ನಮ್ಮ ಪಾಲೂ ಇದೆ. ಆದಕಾರಣ ಈ ಸಂಚಿಕೆಯಲ್ಲಿ ಗಿರಿಯಮ್ಮನವರ ಚರಿತ್ರೆಯನ್ನು ನಮಗೆ ತಿಳಿದಮಟ್ಟಿಗೆ ನಿವೇದಿಸಲು ಉದ್ಯುಕ್ತರಾಗಿದ್ದೇವೆ. ಆಕೆಯನ್ನು ತಾಯಿ ಎಂದು ಕರೆಯಲು ಹೊರಟಿದ್ದೇವೆ. ಆಕೆಯಾದರೋ ಒಂದು ಮಗುವನ್ನೂ ಹೆತ್ತವರಲ್ಲ. ಈ ಮಾತು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ಚರಿತ್ರೆಯನ್ನು ಕೇಳಿದ ಮೇಲೆ ತೋರಲಾರದು.

ಗಿರಿಯಮ್ಮನವರು ಹದಿನೆಂಟನೆಯ ಶತಮಾನಕ್ಕೆ ಸೇರಿದವರು. ಹುಟ್ಟಿದ್ದು ರಾಣೆಬೆನ್ನೂರಿನಲ್ಲಿ. ಬಹುಕಾಲ ಧಾರವಾಡ ಜಿಲ್ಲೆಯಲ್ಲಿದ್ದ ಆ ಊರು 1997ರಿಂದ ಹಾವೇರಿ ಜಿಲ್ಲೆಗೆ ಸೇರಿದೆ. ತಂದೆ ಬಿಷ್ಟಪ್ಪ ಜೋಯಿಸರು, ತಾಯಿ ತುಂಗಮ್ಮ. ಮಗುವಿಗೆ ಇನ್ನೂ ಬುದ್ಧಿ ತಿಳಿಯುವ ವಯಸ್ಸಾಗಿರಲಿಲ್ಲ, ಅಷ್ಟರಲ್ಲಿಯೇ ತಂದೆತಾಯಿಗಳಿಬ್ಬರೂ ತೀರಿಕೊಂಡರು. ಅನಂತರ ಆಕೆ ಬೆಳೆದದ್ದು ಬಂಧುಗಳ ಆಶ್ರಯದಲ್ಲಿ. ಬಂಧುಗಳ ಮನೆಯಲ್ಲಿ ಬೆಳೆಯುವ ತಬ್ಬಲಿ ಹೆಣ್ಣುಮಗುವಿನ ಬಾಲ್ಯವು ಹೇಗಿರುತ್ತದೆಂಬುದನ್ನು ವಿಸ್ತರಿಸಬೇಕಾಗಿಲ್ಲ. ಅನ್ನಕ್ಕೆ ಕೊರತೆಯಿರಲಿಕ್ಕಿಲ್ಲ, ಆದರೆ ಹಸಿವೆಯಾಯಿತೆಂದು ಬಾಯಿಬಿಟ್ಟು ಕೇಳುವ ಸಲಿಗೆ ಇರುವುದಿಲ್ಲ. ಆ ಸಲಿಗೆಯನ್ನು ಆಕೆ ದೇವರ ಮನೆಯಲ್ಲಿ ಕಂಡುಕೊಂಡರೆಂದು ತೋರುತ್ತದೆ.

ಕಾಲದ ರೂಢಿಯಂತೆ ಚಿಕ್ಕ ವಯಸ್ಸಿನಲ್ಲಿಯೇ ವಿವಾಹವಾಯಿತು. ವರನು ಮಲೇಬೆನ್ನೂರಿನ ಶಾನುಭೋಗರ ಮಗ ತಿಪ್ಪರಸ. ಒಂದು ಬೆನ್ನೂರಿನಲ್ಲಿ ಹುಟ್ಟಿದ ಮಗು ಇನ್ನೊಂದು ಬೆನ್ನೂರಿಗೆ ಸೊಸೆಯಾಗಿ ಬಂದಿತು. ನಡುವೆ ತುಂಗಭದ್ರೆ ಹರಿಯುತ್ತಾಳೆ. ರಾಣೆಬೆನ್ನೂರು ಆಚೆ, ಮಲೇಬೆನ್ನೂರು ಈಚೆ. ಇಂದು ಹರಿಹರದ ಸೇತುವೆಯನ್ನು ದಾಟಿ ಬಸ್ಸಿನಲ್ಲಿ ಕುಳಿತು ಹೋಗಬಹುದಾದ ಈ ದಾರಿಯಲ್ಲಿ ಅಂದು ಹೊಳೆಯನ್ನು ದಾಟಿಯೇ ಬರಬೇಕಾಗಿತ್ತು. ಗಿರಿಯಮ್ಮನವರ ಬದುಕು ಈ ಹೊಳೆಯ ಎರಡು ದಡಗಳ ಆಸುಪಾಸಿನಲ್ಲಿಯೇ ಕಳೆಯಿತು. ಅದು ಕೊನೆಗೊಂಡದ್ದೂ ಇದೇ ಹೊಳೆಯಲ್ಲಿ. ಆ ಮಾತು ಮುಂದೆ ಬರುತ್ತದೆ.

ಶಾನುಭೋಗರ ಮನೆಯೆಂದರೆ ಊರಿಗೇ ಮುಖ್ಯವಾದ ಮನೆ. ಹೋಗಿಬರುವವರು, ಅತಿಥಿಗಳು, ಲೆಕ್ಕದ ಕಡತಗಳು, ಮಸಿಕುಡಿಕೆ, ಲೆಕ್ಕಣಿಕೆ. ಇಂಥ ಮನೆಗೆ ಬಂದ ಸೊಸೆಯಿಂದ ಎಲ್ಲರೂ ಬಯಸುವುದು ಎರಡನ್ನು: ಕೈಗೆ ಕೆಲಸ, ತೊಟ್ಟಿಲಿಗೆ ಮಗು. ಮೊದಲನೆಯದನ್ನು ಆಕೆ ಮಾಡಿದರು. ಎರಡನೆಯದರಲ್ಲಿ ಆಕೆಯ ಮನಸ್ಸೇ ಇರಲಿಲ್ಲ. ಬಿಡುವಾದಾಗಲೆಲ್ಲ ದೇವರ ಮುಂದೆ ಕುಳಿತು ರಂಗವಲ್ಲಿಯಲ್ಲಿ ಕೃಷ್ಣನ ರೂಪವನ್ನು ಬರೆದು ತಮ್ಮ ಪಾಡಿಗೆ ತಾವು ಹಾಡಿಕೊಳ್ಳುತ್ತಿದ್ದರೆಂದು ಪರಂಪರೆಯಲ್ಲಿ ಹೇಳುತ್ತಾರೆ. ಅತ್ತೆಗೆ ಇದು ಸಹನೆಯಾಗಲಿಲ್ಲ. ನಿಂದೆ, ಕಿರುಕುಳ ಎಲ್ಲವೂ ನಡೆದವು.

ಹರಿಕಥೆಗಳಲ್ಲಿ ಈ ಅತ್ತೆಯ ಪಾತ್ರವನ್ನು ಘೋರವಾಗಿ ಚಿತ್ರಿಸಿ ಸಭಿಕರನ್ನು ನಗಿಸುವುದನ್ನು ನಾವು ಕೇಳಿದ್ದೇವೆ. ನಮಗೆ ಆ ರೀತಿ ಹಿಡಿಸದು. ಮೊಮ್ಮಗನ ಮುಖವನ್ನು ನೋಡಿ ಕಣ್ಣುಮುಚ್ಚಬೇಕೆಂಬ ಮುದುಕಿಯ ಆಸೆಯಲ್ಲಿ ಪಾಪವೇನಿದೆ? ಸೊಸೆಯು ಸಂಸಾರದಲ್ಲಿದ್ದೂ ಸಂಸಾರಕ್ಕೆ ಸೇರದಂತಿದ್ದರೆ ಆ ಮನೆಯವರಿಗೆ ಆಗುವ ಕಳವಳವೂ ನಿಜವಾದುದೇ. ಭಕ್ತರ ಹಿರಿಮೆಯನ್ನು ಹೇಳುವುದಕ್ಕೆ ಅವರ ಸುತ್ತಲಿನವರನ್ನು ದುಷ್ಟರನ್ನಾಗಿ ಮಾಡಲೇಬೇಕೆಂಬ ನಿಯಮವೇನೂ ಇಲ್ಲ. ಗಿರಿಯಮ್ಮನವರ ಕಷ್ಟವು ದೊಡ್ಡದು. ಅದು ಆ ಮನೆಯ ಕಷ್ಟವೂ ಆಗಿತ್ತು.

ಈ ಕಾಲದಲ್ಲಿ ಶ್ರೀ ಗೋಪಾಲದಾಸರು ಮಲೇಬೆನ್ನೂರಿಗೆ ದಯಮಾಡಿಸಿದರು. ರಾಯಚೂರು ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರು ಶ್ರೀ ವಿಜಯದಾಸರ ಪಟ್ಟಶಿಷ್ಯರು. ಮುಂದೆ ಹರಿಕಥಾಮೃತಸಾರವನ್ನು ರಚಿಸಿದ ಶ್ರೀ ಜಗನ್ನಾಥದಾಸರಿಗೆ ತಮ್ಮ ಆಯುಷ್ಯದಿಂದಲೇ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದು ನಾವೆಲ್ಲರೂ ಕೇಳಿ ಬಲ್ಲೆವು. ಇಂಥ ಮಹಾತ್ಮರ ಕಣ್ಣಿಗೆ ಶಾನುಭೋಗರ ಮನೆಯ ಈ ಮೌನಿಯಾದ ಸೊಸೆ ಬಿದ್ದರು. ಆಕೆಯ ಸ್ಥಿತಿಯನ್ನು ಮನೆಯವರು ರೋಗವೆಂದು ಬಗೆದಿದ್ದರೆ ದಾಸರು ಅದನ್ನು ಯೋಗ್ಯತೆಯೆಂದು ಗುರುತಿಸಿದರು. ಗೋಪಾಲಕೃಷ್ಣನ ಪ್ರತಿಮೆಯೊಂದನ್ನು ಆಕೆಯ ಕೈಯಲ್ಲಿಟ್ಟು ಅನುಗ್ರಹಿಸಿದರೆಂಬುದು ಸಂಪ್ರದಾಯ. ಮಗುವಿಲ್ಲದ ಕೈಗೆ ಬಾಲಕೃಷ್ಣನು ಬಂದನೆಂದು ಹಿರಿಯರು ಇದನ್ನು ವರ್ಣಿಸುವುದುಂಟು. ಮಠಾಧೀಶರಾದ ಶ್ರೀ ಸುಮತೀಂದ್ರತೀರ್ಥರ ಅನುಗ್ರಹವೂ ಆಕೆಗೆ ಲಭಿಸಿತೆಂಬ ಐತಿಹ್ಯವು ಬೇರೆ ಇದೆ.

ಇನ್ನು ಪತಿಯ ವಿಚಾರ. ತಿಪ್ಪರಸರು ಒಂದು ರಾತ್ರಿ ಪತ್ನಿಯ ಬಳಿಗೆ ಬಂದಾಗ ಹೆಡೆಯೆತ್ತಿದ ಸರ್ಪವೊಂದು ಆಕೆಯನ್ನು ಕಾಯುತ್ತಿದ್ದುದನ್ನು ಕಂಡರೆಂದೂ, ಆಕೆಯು ಸಾಮಾನ್ಯಳಲ್ಲವೆಂದು ಅಂದಿನಿಂದ ತಿಳಿದುಕೊಂಡರೆಂದೂ ಕಥೆ. ಅನಂತರ ಗಿರಿಯಮ್ಮನವರೇ ಮುಂದಾಗಿ ಪತಿಗೆ ಬೇರೊಂದು ವಿವಾಹವನ್ನು ಮಾಡಿಸಿದರು. ವಂಶವು ಬೆಳೆಯಿತು, ಅತ್ತೆಯ ಆಸೆಗೂ ದಾರಿಯಾಯಿತು. ಸರ್ಪದ ಪ್ರಸಂಗವನ್ನು ಬಾಲಕರು ಕಣ್ಣರಳಿಸಿ ಕೇಳುತ್ತಾರೆ. ನಮಗಾದರೋ ಅದರ ಮುಂದಿನ ಘಟನೆಯೇ ದೊಡ್ಡದೆನಿಸುತ್ತದೆ. ತನ್ನಿಂದಾಗದುದು ಆ ಮನೆಗೆ ಬೇರೊಬ್ಬಳಿಂದ ಆಗಲಿ ಎಂದು ಆ ಬೇರೊಬ್ಬಳನ್ನು ತಾನೇ ಕರೆತಂದು ಹೊಸಿಲು ದಾಟಿಸುವುದು ಹಗುರವಾದ ಕಾರ್ಯವಲ್ಲ. ತಿಪ್ಪರಸರನ್ನೂ ಇಲ್ಲಿ ನೆನೆಯಬೇಕು. ಪತ್ನಿಯನ್ನು ತವರಿಗೆ ಅಟ್ಟದೆ, ಆಕೆಯ ಹಾಡಿಗೆ ಅಡ್ಡಬಾರದೆ ಇದ್ದ ಆ ಗೃಹಸ್ಥರ ಸೌಜನ್ಯವು ಆ ಕಾಲಕ್ಕೆ ಅಸಾಮಾನ್ಯವಾದುದು. ತವರಾದರೂ ಆಕೆಗೆ ಎಲ್ಲಿತ್ತು?

ಮಲೇಬೆನ್ನೂರಿಗೆ ಸಮೀಪದಲ್ಲಿ ಹೆಳವನಕಟ್ಟೆಯ ಶ್ರೀ ರಂಗನಾಥನ ಸನ್ನಿಧಿಯಿದೆ. ಈ ಪ್ರದೇಶವು ಚಿತ್ರದುರ್ಗ ಜಿಲ್ಲೆಯಲ್ಲಿತ್ತು; 1997ರಿಂದ ದಾವಣಗೆರೆ ಜಿಲ್ಲೆ. ಭದ್ರಾ ನಾಲೆಯ ನೀರು ಬಂದ ಮೇಲೆ ಸುತ್ತಲೂ ಭತ್ತದ ಹಸಿರು. ಗಿರಿಯಮ್ಮನವರ ಕಾಲದಲ್ಲಿ ನಾಲೆಯಿರಲಿಲ್ಲ, ಮಳೆಯನ್ನೇ ನೋಡಬೇಕಾಗಿತ್ತು. ಹೆಳವನೆಂದರೆ ಕಾಲಿಲ್ಲದವನು. ನಡೆಯಲಾರದವನ ಹೆಸರಿನ ಕಟ್ಟೆಯಲ್ಲಿ ನಿಂತ ಈ ರಂಗನೇ ಆಕೆಯ ಆರಾಧ್ಯದೈವ. ತಿರುಪತಿಯ ಒಡೆಯನನ್ನಾಗಲಿ ಉಡುಪಿಯ ಕೃಷ್ಣನನ್ನಾಗಲಿ ನೆನೆದು ಅಂಕಿತವನ್ನಿಟ್ಟುಕೊಳ್ಳಬಹುದಾಗಿತ್ತು; ಆಕೆ ತಮ್ಮ ನೆರೆಯ ಗುಡಿಯ ದೇವರ ಹೆಸರಿನಲ್ಲಿಯೇ ಹಾಡಿದರು. ಅದರಿಂದಾಗಿ ಎಲ್ಲಿಯೂ ದೊಡ್ಡ ಕ್ಷೇತ್ರವೆಂದು ಎಣಿಕೆಗೆ ಬಾರದಿದ್ದ ಒಂದು ಚಿಕ್ಕ ಸ್ಥಳದ ಹೆಸರನ್ನು ಇಂದು ಕನ್ನಡನಾಡಿನ ಯಾವ ಮೂಲೆಯ ಮಾಧ್ವ ಗೃಹಿಣಿಯೂ ಬಲ್ಲಳು.

ಆಕೆಯ ಕೃತಿಗಳಲ್ಲಿ ಬಿಡಿ ಕೀರ್ತನೆಗಳಿವೆ. ಅವಲ್ಲದೆ ಚಂದ್ರಹಾಸನ ಕಥೆ, ಸೀತಾಕಲ್ಯಾಣ, ಉದ್ದಾಳಿಕನ ಕಥೆ, ಬ್ರಹ್ಮಕೊರವಂಜಿ ಮೊದಲಾದ ದೀರ್ಘವಾದ ಕಥನಗೀತೆಗಳೂ ಇವೆ. ಇವುಗಳಲ್ಲಿ ಚಂದ್ರಹಾಸನ ಕಥೆಯೂ ಉದ್ದಾಳಿಕನ ಕಥೆಯೂ ಜೈಮಿನಿ ಭಾರತದ ವಸ್ತುಗಳು. ದೇವನೂರಿನ ಲಕ್ಷ್ಮೀಶ ಕವಿಯು ಜೈಮಿನಿ ಭಾರತವನ್ನು ವಾರ್ಧಕ ಷಟ್ಪದಿಯಲ್ಲಿ ಮೂವತ್ತನಾಲ್ಕು ಸಂಧಿಗಳಾಗಿ ಕನ್ನಡಿಸಿದ್ದನು. ಗಮಕಿಗಳು ಅದನ್ನು ಗುಡಿಯ ಅಂಗಳದಲ್ಲಿಯೋ ಗೌಡರ ಪಡಸಾಲೆಯಲ್ಲಿಯೋ ವಾಚನಮಾಡುತ್ತಿದ್ದರು. ಹೆಂಗಸರು ಬಾಗಿಲ ಮರೆಯಲ್ಲಿ, ಒಲೆಯ ಮೇಲಿನ ಪಾತ್ರೆಯ ಕಡೆಗೆ ಒಂದು ಗಮನವಿಟ್ಟು, ಕೇಳಿದಷ್ಟು ಕೇಳುತ್ತಿದ್ದರು. ವಾರ್ಧಕದ ಸಮಾಸಗಳು ಅವರ ನಾಲಗೆಗೆ ಒಗ್ಗುವಂಥವಲ್ಲ. ಅದೇ ಕಥೆಯನ್ನು ಗಿರಿಯಮ್ಮನವರು ಹಾಡಿನ ಧಾಟಿಗೆ ಇಳಿಸಿದರು. ರಾಗಿ ಬೀಸುತ್ತ, ಹೂ ಕಟ್ಟುತ್ತ, ತೊಟ್ಟಿಲು ತೂಗುತ್ತ ಹಾಡಬಹುದಾದ ಧಾಟಿ ಅದು. ಬಾಗಿಲ ಮರೆಯಲ್ಲಿದ್ದ ಪುರಾಣವು ಅಡುಗೆಯ ಮನೆಯ ನಡುವಿಗೆ ಬಂದು ಕುಳಿತಿತು.

ಉದ್ದಾಳಿಕನ ಕಥೆಯಲ್ಲಿ ನಗೆಯಿದೆ. ಪತಿಯು ಹೇಳಿದುದಕ್ಕೆಲ್ಲ ವಿರುದ್ಧವಾಗಿಯೇ ನಡೆಯುವ ಚಂಡಿ ಎಂಬ ಋಷಿಪತ್ನಿ, ಬೇಕಾದುದನ್ನು ಬೇಡವೆಂದು ಹೇಳಿ ಕಾರ್ಯಸಾಧನೆ ಮಾಡಿಕೊಳ್ಳಲು ಕಲಿತ ಬಡಪಾಯಿ ಋಷಿ. ಈ ಭಾಗವು ಬಂದಾಗ ನಮ್ಮ ಮನೆಯ ಹೆಂಗಸರು ಮುಸಿಮುಸಿ ನಗುತ್ತಿದ್ದುದನ್ನೂ, ಗಂಡಸರು ಕೇಳಿಸದವರಂತೆ ಪಂಚಾಂಗದಲ್ಲಿ ಮುಖವಿಟ್ಟುಕೊಳ್ಳುತ್ತಿದ್ದುದನ್ನೂ ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಚಂಡಿಯು ಶಾಪದಿಂದ ಕಲ್ಲಾಗಿ ಕಡೆಗೆ ಅರ್ಜುನನ ಸ್ಪರ್ಶದಿಂದ ಮುಕ್ತಳಾಗುವಾಗ ಆ ನಗೆ ತಾನಾಗಿ ನಿಲ್ಲುತ್ತಿತ್ತು.

ಆದರೆ ಗಿರಿಯಮ್ಮನವರ ಹೃದಯವು ತೆರೆದು ಕಾಣುವುದು ಚಂದ್ರಹಾಸನ ಕಥೆಯಲ್ಲಿ. ಕಥೆ ಸರ್ವರಿಗೂ ಪರಿಚಿತವಾದರೂ ಒಂದು ವಿಷಯದ ಕಡೆಗೆ ವಾಚಕರ ಗಮನವನ್ನು ಸೆಳೆಯಬೇಕಾಗಿದೆ. ಕೇರಳದ ಅರಸನ ಮಗನಾಗಿ ಹುಟ್ಟಿದ ಶಿಶು ತಂದೆಯನ್ನು ಯುದ್ಧದಲ್ಲಿ ಕಳೆದುಕೊಳ್ಳುತ್ತದೆ. ತಾಯಿಯೂ ಪತಿಯ ಹಿಂದೆ ಹೋಗುತ್ತಾಳೆ. ದಾದಿಯೊಬ್ಬಳು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಂತಳ ದೇಶಕ್ಕೆ ಬಂದು ಅವರಿವರ ಮನೆಯಲ್ಲಿ ದುಡಿದು ಸಾಕುತ್ತಾಳೆ, ಅವಳೂ ಸಾಯುತ್ತಾಳೆ. ಆಮೇಲೆ ಊರಿನ ಹೆಂಗಸರೇ ಆ ಕಂದನಿಗೆ ಎರೆದು, ಉಣಿಸಿ, ತಮ್ಮ ಮಕ್ಕಳ ಜೊತೆಗೆ ಮಲಗಿಸುತ್ತಾರೆ. ಆಟವಾಡುವಾಗ ಸಿಕ್ಕಿದ ಸಾಲಿಗ್ರಾಮವನ್ನು ಹುಡುಗನು ದವಡೆಯಲ್ಲಿಟ್ಟುಕೊಂಡು ಬೆಳೆಯುತ್ತಾನೆ. ಇವನು ಮುಂದೆ ರಾಜ್ಯವನ್ನಾಳುವನೆಂಬ ವಿಪ್ರರ ನುಡಿಯನ್ನು ಸಹಿಸದ ಮಂತ್ರಿ ದುಷ್ಟಬುದ್ಧಿಯು ಕೊಲೆಗಾರರ ಕೈಯಲ್ಲಿ ಅವನನ್ನು ಕಾಡಿಗೆ ಕಳುಹಿಸುತ್ತಾನೆ; ಅವರು ಕನಿಕರದಿಂದ ಅವನ ಕಾಲಿನ ಆರನೆಯ ಬೆರಳನ್ನು ಮಾತ್ರ ಕತ್ತರಿಸಿಕೊಂಡು ಹೋಗುತ್ತಾರೆ. ಅಲ್ಲಿಗೆ ಬಂದ ಕುಳಿಂದನು ಮಕ್ಕಳಿಲ್ಲದವನು. ಅವನ ಮಡದಿ ಮೇಧಾವಿನಿಯು ಈ ರಕ್ತಸಿಕ್ತವಾದ ಕಾಲಿನ ಕೂಸನ್ನು ತನ್ನ ಮಗನೆಂದು ಎತ್ತಿಕೊಳ್ಳುತ್ತಾಳೆ.

ದಾದಿ, ಊರ ಹೆಂಗಸರು, ಮೇಧಾವಿನಿ. ಚಂದ್ರಹಾಸನನ್ನು ಬದುಕಿಸಿದ ತಾಯಂದಿರಲ್ಲಿ ಅವನನ್ನು ಹೆತ್ತವರು ಯಾರೂ ಇಲ್ಲ. ತಬ್ಬಲಿಯಾಗಿ ಬೆಳೆದ ಗಿರಿಯಮ್ಮ, ಮಕ್ಕಳಿಲ್ಲದವಳೆಂದು ಮಾತು ಕೇಳಿದ ಗಿರಿಯಮ್ಮ, ಜೈಮಿನಿ ಭಾರತದ ಅಷ್ಟು ಕಥೆಗಳ ನಡುವಿನಿಂದ ಇದನ್ನೇ ಏಕೆ ಆರಿಸಿಕೊಂಡರೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಮತ್ತೂ ಒಂದು ವಿಶೇಷವಿದೆ. ಮಂತ್ರಿಯು ಚಂದ್ರಹಾಸನಿಗೆ ವಿಷವನ್ನು ಕೊಡಬೇಕೆಂದು ತನ್ನ ಮಗನಿಗೆ ಪತ್ರ ಬರೆದು ಚಂದ್ರಹಾಸನ ಕೈಯಲ್ಲಿಯೇ ಕಳುಹಿಸುತ್ತಾನೆ. ಉದ್ಯಾನದಲ್ಲಿ ಮಲಗಿದ್ದ ಅವನ ಬಳಿಯಲ್ಲಿದ್ದ ಪತ್ರವನ್ನು ಮಂತ್ರಿಯ ಮಗಳು ವಿಷಯೆಯು ತೆಗೆದು ಓದಿ, ಕಣ್ಣಿನ ಕಾಡಿಗೆಯಿಂದ ಅಕ್ಷರವನ್ನು ತಿದ್ದಿ, ವಿಷವಿದ್ದಲ್ಲಿ ತನ್ನ ಹೆಸರನ್ನು ಮಾಡುತ್ತಾಳೆ. ಕೊಲ್ಲಬೇಕಾಗಿದ್ದ ಓಲೆಯು ಲಗ್ನದ ಓಲೆಯಾಗುತ್ತದೆ. ಇದನ್ನು ಶೃಂಗಾರದ ಸೊಗಸೆಂದು ಪಂಡಿತರು ಮೆಚ್ಚುತ್ತಾರೆ. ಆದರೆ ಯೋಚಿಸಿ ನೋಡಿರಿ. ಹೆಣ್ಣುಮಕ್ಕಳಿಗೆ ಅಕ್ಷರವನ್ನು ಕಲಿಸಿದರೆ ಅನರ್ಥವಾದೀತೆಂದು ಹೆದರುತ್ತಿದ್ದ ಕಾಲದಲ್ಲಿ, ಒಬ್ಬ ಹುಡುಗಿಗೆ ಓದುಬರಹ ಬರುತ್ತಿದ್ದುದರಿಂದಲೇ ಒಬ್ಬ ಹರಿಭಕ್ತನ ಪ್ರಾಣ ಉಳಿಯಿತೆಂಬ ಕಥೆಯನ್ನು ಸಾವಿರಾರು ಮನೆಗಳ ಹೆಂಗಸರು ಬಾಯಿಪಾಠವಾಗಿ ಹಾಡಿಕೊಂಡು ಬಂದರು. ಮಸಿಕುಡಿಕೆಯು ಗಂಡಸರ ಕೈಯಲ್ಲಿದ್ದರೆ ಕಾಡಿಗೆಯಾದರೂ ಅವರ ಕೈಯಲ್ಲಿತ್ತು.

ಶ್ರೀಮದಾಚಾರ್ಯರು ಮಹಾಭಾರತ ತಾತ್ಪರ್ಯನಿರ್ಣಯದ ಮೊದಲಲ್ಲಿಯೇ ಭಕ್ತಿಯ ಲಕ್ಷಣವನ್ನು ಹೇಳಿರುವರಷ್ಟೆ. ಭಗವಂತನ ಹಿರಿಮೆಯನ್ನು ಮೊದಲು ತಿಳಿಯಬೇಕು, ಆ ತಿಳಿವಿನ ಮೇಲೆ ಉಳಿದೆಲ್ಲಕ್ಕಿಂತ ಮಿಗಿಲಾದ ಪ್ರೀತಿ ಅಲುಗಾಡದಂತೆ ನಿಲ್ಲಬೇಕೆಂಬುದು ಅದರ ಅಭಿಪ್ರಾಯ. ಪಾಠಶಾಲೆಯಲ್ಲಿ ನಾವು ಇದನ್ನು ವಾಕ್ಯಾರ್ಥಗಳೊಡನೆ ಕಲಿತೆವು. ಆದರೆ ಐದು ವರ್ಷದ ಮಗುವಿಗೆ ಹಿರಿಮೆಯನ್ನು ತಿಳಿಸುವುದು ಹೇಗೆ? ಕತ್ತಿಯೆತ್ತಿದವನ ಮನಸ್ಸನ್ನು ಕರಗಿಸಿದವನು ಯಾರು, ಮಲಗಿದ್ದವನ ಬಳಿಗೆ ಅಕ್ಷರ ಬಲ್ಲ ಹುಡುಗಿಯನ್ನು ಕಳುಹಿಸಿದವನು ಯಾರು ಎಂದು ಕಥೆಯು ಒಂದೊಂದು ತಿರುವಿನಲ್ಲಿಯೂ ಮಗುವಿನ ಮನಸ್ಸಿನಲ್ಲಿ ಪ್ರಶ್ನೆಯನ್ನೆಬ್ಬಿಸುತ್ತದೆ. ಉತ್ತರವು ಅಂಕಿತದಲ್ಲಿ ಬರುತ್ತದೆ. ಗಿರಿಯಮ್ಮನವರು ನಡೆಸಿದ ಪಾಠಶಾಲೆಗೆ ಕಟ್ಟಡವಿರಲಿಲ್ಲ, ಹಾಜರಿ ಪುಸ್ತಕವಿರಲಿಲ್ಲ. ಹಾಡುಗಳು ಬಾಯಿಂದ ಬಾಯಿಗೆ ಇಷ್ಟು ದೂರ ಬಂದಿರುವುದರಿಂದ ಕಲಿತವರು ಇದ್ದರೆಂಬುದು ಮಾತ್ರ ನಿಶ್ಚಯ.

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳಲು ವಾಚಕರು ಅಪ್ಪಣೆ ಕೊಡಬೇಕು. ನಮ್ಮ ತಂದೆಯವರು ಗುಡಿಯ ಅರ್ಚಕರು. ಅಣ್ಣತಮ್ಮಂದಿರು ಒಟ್ಟಿಗಿದ್ದ ಕುಟುಂಬ. ದೊಡ್ಡಪ್ಪ ದೊಡ್ಡಮ್ಮನವರಿಗೆ ಸಂತಾನವಿರಲಿಲ್ಲ. ಏಕಾದಶಿಯ ದಿನ ಹಿರಿಯರಿಗೆ ನಿರಾಹಾರ. ಮಕ್ಕಳಾದ ನಮಗೆ ಮಧ್ಯಾಹ್ನ ಒಂದಿಷ್ಟು ಅವಲಕ್ಕಿ. ಸಂಜೆಯಾಗುತ್ತಲೇ ಹೊಟ್ಟೆ ಚುರುಗುಟ್ಟುತ್ತಿತ್ತು. ಆಗ ದೊಡ್ಡಮ್ಮನವರು ನಮ್ಮನ್ನು ತುಳಸಿಕಟ್ಟೆಯ ಬಳಿ ಕೂಡಿಸಿಕೊಂಡು ಚಂದ್ರಹಾಸನನ್ನು ಆರಂಭಿಸುವರು. ಚಂದ್ರಹಾಸನು ಚಂದನಾವತಿಯ ಜನರೆಲ್ಲರಿಂದಲೂ ಏಕಾದಶಿಯನ್ನು ಮಾಡಿಸಿದವನಾದ್ದರಿಂದ ಆ ದಿನಕ್ಕೆ ಅದು ಉಚಿತವಾದ ಕಥೆಯೇ. ಪತ್ರದ ಪ್ರಸಂಗ ಬಂದಾಗ ಅವರು ಹಾಡನ್ನು ನಿಲ್ಲಿಸಿ ದೀಪದ ಬತ್ತಿಯನ್ನು ಸರಿಮಾಡುವರು. ನಾವು ಉಸಿರು ಬಿಗಿಹಿಡಿದು ಕಾಯುವೆವು. ಅನಂತರ ರಂಗೋಲಿಯ ಪುಡಿಯಿಂದ ನೆಲದ ಮೇಲೆ ವಿಷವೆಂದು ಬರೆದು, ಬೆರಳಿನಿಂದ ತಿದ್ದಿ, ವಿಷಯೆ ಎಂದು ಮಾಡಿ ತೋರಿಸುವರು. ಷಕಾರದ ಹೊಟ್ಟೆಯಲ್ಲಿ ಗೀಟಿರಬೇಕೆಂದು ನಾವು ಕಲಿತದ್ದು ಶಾಲೆಯಲ್ಲಲ್ಲ, ಆ ತುಳಸಿಕಟ್ಟೆಯ ಬುಡದಲ್ಲಿ. ಅಷ್ಟು ಹೊತ್ತಿಗೆ ಹಸಿವೆಯು ಮರೆತುಹೋಗಿ ನಿದ್ರೆ ಬಂದಿರುತ್ತಿತ್ತು.

ಪಾಠಶಾಲೆಗೆ ಸೇರಿದ ಮೇಲೆ ನಮ್ಮ ಬುದ್ಧಿಯು ಬದಲಾಯಿತು. ಚಂದ್ರಹಾಸನ ಕಥೆಯು ವ್ಯಾಸಭಾರತದ ಅಶ್ವಮೇಧಪರ್ವದಲ್ಲಿಲ್ಲವೆಂಬುದನ್ನು ತಿಳಿದುಕೊಂಡು, ರಜೆಗೆ ಬಂದಾಗ ಅದನ್ನು ದೊಡ್ಡಮ್ಮನವರಿಗೆ ಹೇಳಿ ಬೀಗಿದೆವು. ಅವರು ಹೌದೇ ಎಂದು ಕೇಳಿ ಹೂ ಕಟ್ಟುವುದನ್ನು ಮುಂದುವರಿಸಿದರು. ಮುಂದೆ ಬಿ.ಎ. ತರಗತಿಯಲ್ಲಿ ಲಕ್ಷ್ಮೀಶನ ಕಾವ್ಯಭಾಗದ ಪಾಠ ನಡೆಯುವಾಗ ಅಧ್ಯಾಪಕರು ಕಥೆಯ ಪೂರ್ವಾಪರವನ್ನು ಕೇಳಿದರು. ತರಗತಿಯಲ್ಲಿ ಹೇಳಬಲ್ಲವರು ನಾವೊಬ್ಬರೇ. ಎಲ್ಲಿ ಓದಿದ್ದೆಂದು ಅವರು ಸಂತೋಷದಿಂದ ಕೇಳಿದಾಗ ನಾವು ಪಾಠಶಾಲೆಯಲ್ಲೆಂದು ಹೇಳಿದೆವು. ಹೆಂಗಸರ ಹಾಡಿನಿಂದ ಕಲಿತೆವೆಂದು ಆ ನಲವತ್ತು ಜನರ ಮುಂದೆ ಹೇಳಲು ನಾಚಿಕೆಯಾಯಿತು. ಗುರುವಿನ ಹೆಸರನ್ನು ಮರೆಮಾಚುವುದು ಎಂಥ ದೋಷವೆಂಬುದನ್ನು ಅದೇ ಪಾಠಶಾಲೆಯಲ್ಲಿ ನಮಗೆ ಕಲಿಸಿದ್ದರು.

ಇನ್ನೊಂದು ನೆನಪು ಇದಕ್ಕಿಂತಲೂ ಚುಚ್ಚುವಂಥದು. ಬಂಧುಗಳ ಮನೆಯೊಂದರಲ್ಲಿ ಸೀಮಂತ. ಹಾಡುವುದಕ್ಕೆ ದೊಡ್ಡಮ್ಮನವರೇ ಬೇಕೆಂದು ಹೇಳಿಕಳುಹಿಸಿದ್ದರು. ಹೋದರು. ಆರತಿಯ ಸಮಯದಲ್ಲಿ ಮಾತ್ರ ಮಕ್ಕಳೊಂದಿಗರಾದ ಮುತ್ತೈದೆಯರು ಮುಂದೆ ಬರಲೆಂದು ಒಬ್ಬ ಹಿರಿಯರು ಹೇಳಿದರು. ದೊಡ್ಡಮ್ಮನವರು ತಟ್ಟೆಯನ್ನು ಪಕ್ಕದವರ ಕೈಗೆ ಕೊಟ್ಟು ಅಡುಗೆಮನೆಯ ಬಾಗಿಲಿನಲ್ಲಿ ನಿಂತು ಹಾಡಿದರು. ಹಾಡಿನ ಕೊನೆಯಲ್ಲಿ ಹೆಳವನಕಟ್ಟೆಯ ರಂಗನ ಹೆಸರು ಬಂದಿತು. ಯಾವ ಹೆಂಗಸಿನ ಅಂಕಿತವನ್ನು ಮಂಗಳಕರವೆಂದು ಅಲ್ಲಿ ಹಾಡಿಸಿದರೋ ಆಕೆಯೇ ಆ ದಿನ ಆ ಮನೆಗೆ ಬಂದಿದ್ದರೆ ಆಕೆಗೂ ಅದೇ ಬಾಗಿಲು ಗತಿಯಾಗುತ್ತಿತ್ತು. ಇಂಥ ನಡವಳಿಕೆಗೆ ಶಾಸ್ತ್ರದ ಹೆಸರನ್ನು ಹೇಳುವವರಿದ್ದಾರೆ. ನಾವು ಓದಿದ ಮಟ್ಟಿಗೆ ಅದು ಶಾಸ್ತ್ರವಲ್ಲ, ರೂಢಿ. ರೂಢಿಯಲ್ಲಿಯೂ ಒಳ್ಳೆಯದಲ್ಲದ ರೂಢಿ.

ಗಿರಿಯಮ್ಮನವರ ಅಂತ್ಯವನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ತುಂಗಭದ್ರಾ ತೀರದ ಕಮ್ಮಾರಗಟ್ಟೆಯಲ್ಲಿ ಆಕೆ ಹೊಳೆಯಲ್ಲಿ ಐಕ್ಯರಾದರೆಂದು ಪರಂಪರೆಯು ಹೇಳುತ್ತದೆ. ಹುಟ್ಟಿದಾಗ ತಾಯಿಯ ಹೆಸರು ತುಂಗಮ್ಮ. ಕೊನೆಗೆ ಕರೆದುಕೊಂಡವಳೂ ತುಂಗೆಯೇ. ಸೊಸೆಯಾಗಿ ದಾಟಿಬಂದ ಆ ನೀರು ಶ್ರಾವಣದಲ್ಲಿ ಕೆಂಪಗೆ ತುಂಬಿ ಹರಿಯುವುದನ್ನು ಹೊನ್ನಾಳಿ, ಹರಿಹರಗಳ ಕಡೆಗೆ ಹೋದವರು ನೋಡಿರಬಹುದು.

ನಮ್ಮ ದೊಡ್ಡಮ್ಮನವರು ತೀರಿಕೊಂಡು ಕೆಲವು ವರ್ಷಗಳಾದವು. ತರಗತಿಯಲ್ಲಿ ನಾವು ಹೇಳಿದ ಸುಳ್ಳನ್ನು ಅವರಿಗೆ ತಿಳಿಸಿ ಕ್ಷಮೆ ಕೇಳಬೇಕೆಂದುಕೊಂಡಿದ್ದೆವು. ಮುಂದಿನ ರಜೆ, ಮುಂದಿನ ಹಬ್ಬವೆಂದು ಕಳೆಯುತ್ತ ಅದು ಆಗಲೇ ಇಲ್ಲ. ಅವರ ಹಾಡಿನ ಪುಸ್ತಕವು ಈಗ ನಮ್ಮ ಬಳಿಯಲ್ಲಿದೆ. ನೂರಿಪ್ಪತ್ತು ಪುಟದ, ದಾರದಿಂದ ಹೊಲಿದ ಪುಸ್ತಕ. ಚಂದ್ರಹಾಸನ ಕಥೆಯು ಮೂವತ್ತೊಂದನೆಯ ಪುಟದಿಂದ ಆರಂಭವಾಗುತ್ತದೆ. ಪತ್ರದ ಪ್ರಸಂಗವಿದ್ದ ಎರಡು ಹಾಳೆಗಳು ಮಾತ್ರ ಇಲ್ಲ. ಬಹಳವಾಗಿ ತಿರುವಿಹಾಕಿದ ಹಾಳೆಗಳೇ ಮೊದಲು ಕಳಚ ಹೋಗುತ್ತವೆಯಲ್ಲವೆ? ಅಚ್ಚಾದ ಪುಸ್ತಕಗಳಲ್ಲಿ ಆ ಭಾಗವು ದೊರೆಯುತ್ತದೆ. ಆದರೆ ಅವರು ಹಾಡುತ್ತಿದ್ದ ಪಾಠದಲ್ಲಿ ಅಲ್ಲಲ್ಲಿ ಬೇರೆ ಮಾತುಗಳಿದ್ದವೆಂದು ನಮ್ಮ ಕಿವಿಗೆ ನೆನಪಿದೆ.

ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ಈ ಶ್ರಾವಣದ ಶನಿವಾರಗಳಂದು ಸಂಜೆ ಮಂಗಳಾರತಿಯಾದ ಮೇಲೆ ಗುಡಿಯ ಪ್ರಾಕಾರದಲ್ಲಿ ಚಂದ್ರಹಾಸನ ಕಥೆಯನ್ನು ಭಾಗಭಾಗವಾಗಿ ಹಾಡಿಸಬೇಕೆಂದು ನಿಶ್ಚಯಿಸಿದ್ದೇವೆ. ತಮ್ಮ ಮನೆಗಳಲ್ಲಿರುವ ಕೈಬರಹದ ಹಾಡಿನ ಪುಸ್ತಕಗಳನ್ನು ದಯವಿಟ್ಟು ತರಬೇಕು. ಪ್ರತಿ ಮಾಡಿಕೊಂಡು ಅಲ್ಲಿಯೇ ಹಿಂದಿರುಗಿಸುತ್ತೇವೆ. ಪುಸ್ತಕವಿಲ್ಲದೆ ಬಾಯಿಪಾಠವಾಗಿ ಬಲ್ಲ ಹಿರಿಯ ಹೆಂಗಸರಿದ್ದರೆ ಅವರನ್ನು ಕರೆತರಬೇಕು. ವಾಹನದ ಅನುಕೂಲವಿಲ್ಲದವರು ತಿಳಿಸಿದರೆ ನಾವೇ ಬಂದು ಕರೆದೊಯ್ಯುತ್ತೇವೆ. ಕೊನೆಯ ಶನಿವಾರದ ಆರತಿಯನ್ನು ಹಾಡಿದವರೆಲ್ಲರೂ ಸೇರಿ ಎತ್ತುವುದೆಂದು ನಮ್ಮ ತಂದೆಯವರು ಅಪ್ಪಣೆ ಕೊಡಿಸಿದ್ದಾರೆ. ಯಾರಿಗೆ ಮಕ್ಕಳಿವೆ, ಯಾರಿಗಿಲ್ಲವೆಂದು ಅಲ್ಲಿ ಯಾರೂ ಕೇಳತಕ್ಕದ್ದಲ್ಲ.

ಶ್ರೀಕೃಷ್ಣಾರ್ಪಣಮಸ್ತು